ಎರಡು ಬೀಗದ ದೋಣಿ

ಅಳಿವೆಕೋಟೆಯ ನಾಯಕ ವೀರಮಲ್ಲರಸನಿಗೆ ಒಂದು ಜಂಬವಿತ್ತು. ತನ್ನ ಅಂಕಿ ಬರೆಸಿಕೊಳ್ಳದೆ ತನ್ನ ಹೊಳೆಯಲ್ಲಿ ಬಾತುಕೋಳಿಯೂ ಈಜುವಂತಿಲ್ಲ ಎಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಪಾಪ, ಜಂಬ ಪಡಲು ಅವನಿಗಿದ್ದದ್ದೂ ಆ ಹೊಳೆಯೊಂದೇ. ಹೊಳೆ ಹೋಗಿ ಸೇರುವ ಕಡಲು ದೂರದ ಸಾರ್ವಭೌಮನದು. ಸಿಹಿನೀರು ನಾಯಕನಿಗೆ, ಉಪ್ಪುನೀರು ಸಾರ್ವಭೌಮನಿಗೆ ಎಂದು ಅಜ್ಜಂದಿರ ಕಾಲದಲ್ಲೇ ಕರಾರಾಗಿತ್ತು. ಸಿಹಿನೀರಿನ ದೋಣಿಯ ಮೂತಿಗೆ ಎರಡೂ ಬದಿ ನಾಯಕನ ಅಂಕಿ ಬರೆಸಬೇಕು. ಉಪ್ಪುನೀರಿನ ದೋಣಿಯ ಒಳತೊಲೆಗೆ ಸಾರ್ವಭೌಮನ ತಾಮ್ರದ ತಗಡು ಹೊಡೆಸಬೇಕು.

ಆ ಊರಿನ ಮುದಿ ಅಂಬಿಗ ಜಟ್ಟಣ್ಣ. ಆಯುಷ್ಯವೆಲ್ಲ ಬೇರೆಯವರ ದೋಣಿಗೆ ಹುಟ್ಟು ಹಾಕಿದವನು ಕೊನೆಗೆ ತನಗೆಂದೇ ಒಂದು ಪುಟ್ಟ ದೋಣಿ ಕಟ್ಟಿದ. ಮೀನು ಹಿಡಿಯಲಿಕ್ಕಲ್ಲ, ಅಕ್ಕಿ ಸಾಗಿಸಲಿಕ್ಕೂ ಅಲ್ಲ. ಹೆಂಡತಿ ನಾಗಕ್ಕ ಮಂಡಿನೋವಿನಿಂದ ಎರಡು ವರ್ಷ ಹೊಸಿಲು ದಾಟಿರಲಿಲ್ಲ. ಅವಳನ್ನು ಎತ್ತಿ ಕೂರಿಸಿಕೊಂಡು ಸಂಜೆ ಹೊಳೆ ಕಡಲು ಸೇರುವ ಅಳಿವೆಯವರೆಗೆ ಹೋಗಿಬರಬೇಕೆಂಬುದು ಅವನ ಆಸೆ. ಅಂಕಿ ಬರೆಸಲು ಹೋದಾಗ ನಾಯಕನ ಸುಂಕದ ಕಟ್ಟೆಯ ಗುಮಾಸ್ತ ದೋಣಿ ಯಾವ ಕಸುಬಿಗೆಂದು ಕೇಳಿದಾಗ ಅವನು "ಸುಮ್ಮನೆ" ಎಂದ. ಪುಸ್ತಕದಲ್ಲಿ ಸುಮ್ಮನೆಗೆ ಕಲಮೇ ಇರಲಿಲ್ಲ. ಗುಮಾಸ್ತ ಅನುಮಾನಪಡುತ್ತಲೇ ಆ ಜಾಗ ಖಾಲಿ ಬಿಟ್ಟ.

ಜಟ್ಟಣ್ಣ ಪುಕ್ಕಲ. ದೊಡ್ಡವರಲ್ಲಿ ಯಾರಿಗೂ ಬೇಸರವಾಗಬಾರದೆಂದು ತಗಡನ್ನೂ ಹೊಡೆಸಿದ, ಅಂಕಿಯನ್ನೂ ಬರೆಸಿದ. ಅಲ್ಲೇ ಕೆಟ್ಟ. ಸಾರ್ವಭೌಮನ ಬಂದರಿನ ಸುಬೇದಾರ ಬಂದು, ನಮ್ಮ ತಗಡಿರುವ ದೋಣಿಯ ಮೈಮೇಲೆ ಇನ್ನೊಬ್ಬರ ಗುರುತೇ ಎಂದು ಸರಪಳಿ ಬಿಗಿದು ಬೀಗ ಹಾಕಿದ. ಸುದ್ದಿ ಕೇಳಿದ ನಾಯಕ, ನಮ್ಮ ಅಂಕಿಯ ದೋಣಿಯೊಳಗೆ ಇನ್ನೊಬ್ಬರ ತಗಡೇ ಎಂದು ಎರಡನೆಯ ಬೀಗ ಜಡಿಸಿದ. ಮೊದಲು ಅವರು ತೆಗೆಯಲಿ ಎಂದು ಇವನು, ಇವನು ತೆಗೆಯಲಿ ಎಂದು ಅವರು. ಮಳೆಗಾಲ ಮುಗಿದ ಚುರುಕು ಬಿಸಿಲಿಗೆ ದಡದ ಮೇಲಿನ ದೋಣಿಯ ಹಲಗೆಗಳು ಒಣಗಿ ಬಾಯಿ ಬಿಡತೊಡಗಿದವು. ಇನ್ನೊಂದು ವಾರ ಹೀಗೇ ಬಿದ್ದಿದ್ದರೆ ಅದು ಒಲೆಗೇ ಸೈ.

ನಾಗಕ್ಕನೋ ದಿನಾ ಸಂಜೆ ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು ಬಾಗಿಲಲ್ಲಿ ಕೂರುತ್ತಿದ್ದಳು. ಅದನ್ನು ನೋಡಲಾಗದೆ ಜಟ್ಟಣ್ಣ ಆಸ್ಥಾನದ ವಿದೂಷಕ ಕುಪ್ಪಯ್ಯನ ಮನೆಗೆ ಓಡಿದ.

"ನಾನೇನೂ ತಪ್ಪು ಮಾಡ್ಲಿಲ್ಲ ಅಯ್ಯ. ಇಬ್ರಿಗೂ ಕೈ ಮುಗ್ದೆ, ಅಷ್ಟೇ."

"ಅದೇ ತಪ್ಪು ಜಟ್ಟಣ್ಣ," ಎಂದ ಕುಪ್ಪಯ್ಯ. ಮಾತು ತಮಾಷೆಯದಾದರೂ ಬಾಗಿಲಲ್ಲಿ ಕೂರುವ ನಾಗಕ್ಕನನ್ನು ನೆನೆದು ಅವನು ಸಭೆಯಲ್ಲಿ ಮಾತಾಡಲು ಒಪ್ಪಿದ.

ಮರುದಿನ ಅವನು ಸಭೆಯಲ್ಲಿ ವಿಷಯ ಎತ್ತಿದ. ನಾಯಕ ಮೀಸೆ ತಿರುವಿದ.

"ನನ್ನ ನೀರು ಎಲ್ಲಿ ಮುಗಿಯುತ್ತದೆ, ಆ ಗೆರೆ ತೋರಿಸು ಕುಪ್ಪಯ್ಯ. ತೋರಿಸಿದರೆ ಬೀಗ ತೆಗೆಸುತ್ತೇನೆ. ಇಲ್ಲವಾದರೆ ಮೂರನೆಯ ಬೀಗ ನಿನ್ನ ಬಾಯಿಗೆ."

ಸಭೆ ಗೊಳ್ಳೆಂದಿತು. ಕುಪ್ಪಯ್ಯ ಕೇಳಿದ್ದು ಇಷ್ಟೇ: ಪ್ರಭುಗಳ ವಿಹಾರದ ನಾವೆ, ಸುಬೇದಾರರ ಸಹವಾಸ, ಒಂದು ಒಳ್ಳೆಯ ಊಟ.

ನಾಯಕನ ನಾವೆಯ ಮೂತಿಯ ಮೇಲೆ ಒಂದು ಎಂಬ ಅಂಕಿ ಆಳೆತ್ತರಕ್ಕಿತ್ತು. ಸುಬೇದಾರ ತಗಡು ಹೊಡೆದ ತನ್ನ ದೋಣಿಯಲ್ಲಿ ಬಂದು ಅದರ ಪಕ್ಕಕ್ಕೆ ಕಟ್ಟಿಕೊಂಡ. ಇಳಿತ ಪೂರಾ ಇಳಿದ ಹೊತ್ತು ನೋಡಿ ಕುಪ್ಪಯ್ಯ ಅಳಿವೆಯ ಹತ್ತಿರ ನಾವೆಗೆ ಲಂಗರು ಹಾಕಿಸಿದ. ಬಟ್ಟಲಲ್ಲಿ ನೀರು ಮೊಗೆದು ಇಬ್ಬರಿಗೂ ಕೊಟ್ಟ. ಸಿಹಿಯಾಗಿತ್ತು.

"ಯಾರ ನೀರು ಪ್ರಭು?"

"ನನ್ನದು, ಮತ್ಯಾರದು?"

ಹಾಗಾದರೆ ಸುಬೇದಾರರ ದೋಣಿಗೆ ತಮ್ಮ ಅಂಕಿ ಎಲ್ಲಿ ಎಂದು ಕುಪ್ಪಯ್ಯ ಮೆಲ್ಲಗೆ ಕೇಳಿದ. ನಾಯಕನ ಕಣ್ಣು ಅರಳಿತು, ಸುಬೇದಾರನ ಮುಖ ಹುಳ್ಳಗಾಯಿತು. ಸರಪಳಿ ತರಿಸಲು ಹೊರಟ ನಾಯಕನನ್ನು ಕುಪ್ಪಯ್ಯ ತಡೆದು, ಊಟವಾಗಲಿ ಎಂದ. ಕಾಣೆಮೀನಿನ ಸಾರು, ಕೆಂಪಕ್ಕಿ ಅನ್ನ, ಹಲಸಿನ ಹಪ್ಪಳ, ಮೇಲೆ ಗಸಗಸೆ ಪಾಯಸ. ಗಸಗಸೆ ತನ್ನ ಕೆಲಸ ಮಾಡಿತು. ನಾಯಕ ದಿಂಬಿಗೊರಗಿ ಗಡದ್ದಾಗಿ ನಿದ್ದೆ ಹೊಡೆದ.

ಎದ್ದಾಗ ಕಡಲಿನ ಭರತ ಏರಿ ಬಹಳ ಹೊತ್ತಾಗಿತ್ತು. ಮುಖ ತೊಳೆಯಲು ಕುಪ್ಪಯ್ಯ ಅದೇ ಬಟ್ಟಲಲ್ಲಿ, ಅದೇ ಜಾಗದ ನೀರು ಕೊಟ್ಟ. ಬಾಯಿ ಮುಕ್ಕಳಿಸಿದ ನಾಯಕ ಥೂ ಎಂದು ಉಗಿದ. ಸುಬೇದಾರನೂ ಒಂದು ಬೆರಳು ಅದ್ದಿ ನೆಕ್ಕಿದ. ಅವನ ಮುಖಕ್ಕೆ ಕಳೆ ಬಂತು. ಈ ನಾವೆಯ ತೊಲೆಯಲ್ಲಿ ನಮ್ಮ ತಗಡು ಕಾಣಿಸುತ್ತಿಲ್ಲವಲ್ಲ ಎಂದು ವಿನಯದಿಂದ ವಿಚಾರಿಸಿದ.

ನಾಯಕ ಕೆಂಡವಾದ. "ಕುಪ್ಪಯ್ಯ, ನಾನು ಮಲಗಿದ್ದಾಗ ನಾವೆಯನ್ನು ಕಡಲಿಗೆ ಎಳೆತಂದೆಯಾ?"

"ಲಂಗರು ನೋಡಿ ಪ್ರಭು, ನಾವೆ ಗೇಣೂ ಸರಿದಿಲ್ಲ. ಸರಿದದ್ದು ತಮ್ಮ ಗೆರೆ. ಆಗಲೇ ತಮ್ಮ ಪೀಠದ ಕೆಳಗೇ ಹಾದು ಮೇಲಕ್ಕೆ ಹೋಯಿತು. ತೋರಿಸೋಣವೆಂದಿದ್ದೆ, ತಾವು ಗೊರಕೆ ಹೊಡೆಯುತ್ತಿದ್ದಿರಿ. ಮುಂದಿನ ಇಳಿತಕ್ಕೆ ಹೀಗೇ ವಾಪಸು ಬರುತ್ತದೆ. ಆಗ ಸುಬೇದಾರರನ್ನು ಹಿಡಿಯಬಹುದು, ಅಲ್ಲಿಯವರೆಗೆ ತಮ್ಮನ್ನು."

ನಾಯಕ ಸುಬೇದಾರನ ಮುಖ ನೋಡಿದ, ಸುಬೇದಾರ ನಾಯಕನ ಮುಖ ನೋಡಿದ. ಕಡಲಿಗೆ ದಿನಕ್ಕೆರಡು ಸಲ ಬರಬೇಡವೆಂದು ಅಪ್ಪಣೆ ಕೊಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅಲ್ಲೇ ಕೂತು ಹೊಸ ಕರಾರು ಬರೆದರು: ತಗಡಿದ್ದರೂ ಆದೀತು, ಅಂಕಿಯಿದ್ದರೂ ಆದೀತು, ಎರಡೂ ಇದ್ದರೆ ಅಪರಾಧವಲ್ಲ. ಎರಡೂ ಬೀಗದ ಕೈಗಳು ಒಟ್ಟಿಗೆ ಹೊರಬಂದವು.

ಜಟ್ಟಣ್ಣನ ದೋಣಿ ನೀರಲ್ಲಿ ಮೂರು ದಿನ ನೆನೆದು, ಹಲಗೆಗಳು ಉಬ್ಬಿ ಬಿರುಕು ಮುಚ್ಚಿಕೊಂಡಿತು. ನಾಲ್ಕನೆಯ ಸಂಜೆ ಅದು ನಾಯಕನ ನಾವೆಯ ಪಕ್ಕದಲ್ಲೇ ಹಾದುಹೋಯಿತು. ಒಳಗೆ ಒಗೆದ ಸೀರೆಯುಟ್ಟ ನಾಗಕ್ಕ ಕೈ ನೀರಿಗೆ ಇಳಿಬಿಟ್ಟು ಕೂತಿದ್ದಳು.

"ಎಲ್ಲಿಗೆ ಹೊರಟಿರಿ?" ಎಂದು ನಾಯಕ ಗತ್ತಿನಿಂದ ಕೇಳಿದ.

"ಸುಮ್ಮನೆ, ಒಡೆಯಾ," ಎಂದ ಜಟ್ಟಣ್ಣ.

ನಾಗಕ್ಕ ಗಂಡನ ಹಾಗೆ ಪುಕ್ಕಲಿಯಲ್ಲ. "ಒಡೆಯರು ಎಲ್ಲಿಗೆ ಹೊರಟದ್ದು?" ಎಂದಳು.

ನಾಯಕ ಬಾಯಿ ತೆರೆದ. ಬಲೆ ತಂದಿರಲಿಲ್ಲ, ಅಕ್ಕಿ ಹೇರಿರಲಿಲ್ಲ, ಯುದ್ಧ ನಡೆದದ್ದು ಅವನ ಅಜ್ಜನ ಕಾಲದಲ್ಲಿ.

"ಇವರದೂ ನಿಮ್ಮ ಕಲಮೇ, ನಾಗಕ್ಕ," ಎಂದ ಹಿಂದೆ ಕೂತಿದ್ದ ಕುಪ್ಪಯ್ಯ.

ನಾಯಕ ಅವನನ್ನು ದುರುಗುಟ್ಟಿ ನೋಡಿ, ಆಮೇಲೆ ನಾವೆ ಅಲ್ಲಾಡುವಷ್ಟು ನಕ್ಕು, ಮರುದಿನವೇ ಗುಮಾಸ್ತನ ಪುಸ್ತಕದಲ್ಲಿ ಸುಮ್ಮನೆ ಎಂಬ ಹೊಸ ಕಲಮು ಹಾಕಿಸಿದ. ಅದರಲ್ಲಿ ಮೊದಲ ಹೆಸರು ಜಟ್ಟಣ್ಣನದು, ಎರಡನೆಯದು ನಾಯಕನದು.