ಆಮೆ ಕೊಂಡ ಓಡುವ ಫೋನು

ಮಕ್ಕಳೇ, ದಡ್ಡರಲ್ಲಿ ಎರಡು ಬಗೆ. ಕಣ್ಣಿಗೆ ಕಾಣದೆ ಹಳ್ಳಕ್ಕೆ ಬೀಳುವವರು ಒಂದು ಬಗೆ. ಹಳ್ಳ ಎಲ್ಲಿದೆ ಎಂದು ನಾಲ್ಕು ಜನರನ್ನು ವಿಚಾರಿಸಿ, ಅಲ್ಲಿಯವರೆಗೂ ನಡೆದುಹೋಗಿ ಬೀಳುವವರು ಇನ್ನೊಂದು ಬಗೆ. ನಮ್ಮ ಆಮೆ ಚಿಪ್ಪಯ್ಯ ಈ ಎರಡನೆಯ ಗುಂಪಿನವನು.

ಬೋಳುಗುಡ್ಡದ ಕೆಳಗೆ ಜೊಂಡುಕೆರೆ ಎಂಬ ಕೆರೆ ಇತ್ತು. ಅಲ್ಲಿ ಆಮೆ, ಏಡಿ, ಕಪ್ಪೆಗಳು ವಾಸವಾಗಿದ್ದವು. ಬೇಸಿಗೆ ಬಂತೆಂದರೆ ಕೆರೆ ಪೂರ್ತಿ ಒಣಗುತ್ತಿತ್ತು. ಆದರೂ ಯಾರೂ ಹೆದರುತ್ತಿರಲಿಲ್ಲ. ಕೆರೆಯ ನಡುವಿನ ಕೆಸರಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಗುಳಿ ಇತ್ತು, ತಾತ ಮುತ್ತಾತಂದಿರು ತೋಡಿಟ್ಟದ್ದು. ನೀರು ಇಂಗಿದ ಮೇಲೆ ಎಲ್ಲರೂ ತಮ್ಮ ತಮ್ಮ ಗುಳಿಗೆ ಇಳಿದು, ಮೇಲೆ ಕೆಸರು ಎಳೆದುಕೊಂಡು, ಮೊದಲ ಮಳೆ ಬರುವವರೆಗೆ ನಿದ್ದೆ ಹೊಡೆಯುತ್ತಿದ್ದರು. ಗುಳಿ ಇಲ್ಲದವರ ಗತಿ ಮಾತ್ರ ಕೇಳಬೇಡಿ. ಅವರು ಬಿಸಿಲಲ್ಲಿ ಒಣಗಿಹೋಗುತ್ತಿದ್ದರು.

ಯಾವಾಗ ಇಳಿಯಬೇಕು ಎಂದು ತಿಳಿಸುವ ಕೆಲಸ ದಡದ ಟಿಟ್ಟಿಭ ಹಕ್ಕಿಯದು. ಕೆಸರಿನಲ್ಲಿ ಮೊದಲ ಬಿರುಕು ಕಂಡ ಕೂಡಲೇ ಅದು ಎಲ್ಲರಿಗೂ ಒಂದೊಂದು ಮಿಸ್ಡ್ ಕಾಲ್ ಕೊಡುತ್ತಿತ್ತು. ಎತ್ತಿ ಮಾತಾಡುವ ಹಾಗಿಲ್ಲ. ಒಂದು ರಿಂಗ್ ಬಂತೆಂದರೆ ಇನ್ನೊಂದು ದಿನದಲ್ಲಿ ಕೆಸರು ಕಲ್ಲಾಗುತ್ತದೆ, ಗುಳಿ ಸೇರಿ ಎಂದು ಅರ್ಥ. ಇದಕ್ಕಾಗಿ ಎಲ್ಲರ ಹತ್ತಿರವೂ ಒಂದೊಂದು ಹಳೆಯ ಬಟನ್ ಫೋನು ಇತ್ತು. ವರ್ಷಕ್ಕೆ ಒಂದು ರಿಂಗ್, ಅಷ್ಟೇ ಅದರ ಕೆಲಸ.

ಚಿಪ್ಪಯ್ಯನಿಗೆ ಒಂದು ಕೊರಗಿತ್ತು. ಗುಡ್ಡದ ಮೊಲಗಳು ಅವನನ್ನು "ನಿಧಾನಪ್ಪ, ನಿಧಾನಪ್ಪ" ಎಂದು ರೇಗಿಸುತ್ತಿದ್ದವು. ಆಮೆಯಾಗಿ ಹುಟ್ಟಿದ ಮೇಲೆ ನಿಧಾನವಾಗಿರದೆ ಇನ್ನು ಹೇಗಿರಬೇಕಿತ್ತು? ಆದರೆ ಅವನಿಗೆ ಅದು ಅವಮಾನ.

ಇದು ನರಿಯ ಕಿವಿಗೆ ಬಿತ್ತು. ಮಾರನೆಯ ದಿನವೇ ಅದು ಹೆಗಲಿಗೆ ಚೀಲ ಹಾಕಿಕೊಂಡು ಕೆರೆಯ ದಡಕ್ಕೆ ಬಂತು.

"ಏನು ಚಿಪ್ಪಯ್ಯನೋರೆ, ಇನ್ನೂ ಈ ಬಟನ್ ಫೋನು ಇಟ್ಕೊಂಡಿದೀರಾ? ನಿಮ್ಮಂಥ ದೊಡ್ಡವರ ಕೈಯಲ್ಲಿ ಇದು ಚೆನ್ನಾಗಿ ಕಾಣುತ್ತಾ?"

"ಇದಕ್ಕೇನಾಗಿದೆ ನರಿಯಣ್ಣ? ರಿಂಗ್ ಆಗುತ್ತಲ್ಲ."

"ರಿಂಗ್ ಆಗೋದು ದೊಡ್ಡದಲ್ಲ. ಇಲ್ನೋಡಿ, ಇದು ಫೈವ್‌ಜಿ. ಗುಡ್ಡದ ಆಚೆ ಹೊಸ ಟವರ್ ಹಾಕಿದಾರೆ. ಕಣ್ಣು ಮಿಟುಕಿಸೋದರೊಳಗೆ ಸುದ್ದಿ ನಿಮ್ಮ ಕೈಯಲ್ಲಿರುತ್ತೆ. ಇಂಥ ಫೋನು ಇಟ್ಕೊಂಡವರನ್ನ ನಿಧಾನ ಅನ್ನೋಕೆ ಯಾವ ಮೊಲಕ್ಕೆ ಬಾಯಿ ಬರುತ್ತೆ?"

ಚಿಪ್ಪಯ್ಯನ ಕತ್ತು ಚಿಪ್ಪಿನಿಂದ ಪೂರ್ತಿ ಹೊರಗೆ ಬಂತು. "ಇದಕ್ಕೆ ಏನು ಕೊಡಬೇಕು?"

"ನಿಮ್ಮ ಹಳೇ ಫೋನು ಕೊಡಿ. ಜೊತೆಗೆ ಆ ಕೆಸರುಗುಳಿ ಬಿಟ್ಕೊಡಿ, ಬೇಸಿಗೆಯಲ್ಲಿ ಹೊಟ್ಟೆ ತಂಪು ಮಾಡ್ಕೊಂಡು ಮಲಗ್ತೀನಿ."

"ಗುಳಿ ಕೊಟ್ಟರೆ ನಾನೆಲ್ಲಿ ಮಲಗಲಿ?"

"ಅಯ್ಯೋ, ಇದು ಕೈಯಲ್ಲಿದ್ದರೆ ಎಲ್ಲೆಲ್ಲಿ ನೀರಿದೆ ಅಂತ ತಟ್ಟನೆ ತೋರಿಸುತ್ತೆ. ಬೇಕಾದ ಕಡೆ ಹೋಗಿ ಮಲಗಬಹುದು. ತಾತನ ಗುಳಿಗೆ ಅಂಟ್ಕೊಂಡು ಕೂರೋದು ಕಪ್ಪೆಗಳ ಕೆಲಸ."

ಯೋಚಿಸಿ ಹೇಳುತ್ತೇನೆ ಎಂದು ಚಿಪ್ಪಯ್ಯ ಪಕ್ಕದ ಗುಳಿಯ ಏಡಿಯಜ್ಜಿಯ ಹತ್ತಿರ ಹೋದ. ಕೇಳುವ ಮೊದಲೇ ಅವನು ಮನಸ್ಸಿನಲ್ಲಿ ಕೊಂಡಾಗಿತ್ತು. ಇಂಥವರು ಬುದ್ಧಿ ಕೇಳಲು ಬರುವುದಿಲ್ಲ, ಹೌದೆನ್ನಿಸಿಕೊಳ್ಳಲು ಬರುತ್ತಾರೆ.

ಏಡಿಯಜ್ಜಿ ಎಲ್ಲವನ್ನೂ ಕೇಳಿದಳು. "ಆ ಹೊಸ ನೆಟ್‌ವರ್ಕ್ ನಮ್ಮ ಕೆರೆಯಲ್ಲಿ ಬರುತ್ತೇನೋ?"

"ಸದ್ಯಕ್ಕೆ ಗುಡ್ಡದ ಬಂಡೆಯ ಮೇಲೆ ಮಾತ್ರ ಅಂತೆ. ಇಲ್ಲಿಗೂ ಇನ್ನೇನು ಬಂದುಬಿಡುತ್ತೆ ಅಂದ ನರಿಯಣ್ಣ."

"ಬಂದಾಗ ಕೊಳ್ಳೋಣ ಬಿಡು. ಅದಿರಲಿ, ನಿನಗೆ ಫೋನು ಮಾಡೋರು ಯಾರು?"

"ಟಿಟ್ಟಿಭ."

"ಎಷ್ಟು ಸಲ?"

"ವರ್ಷಕ್ಕೊಂದು ಸಲ."

"ಆ ಒಂದು ರಿಂಗು ಎಷ್ಟು ಬೇಗ ಬಂದು ಏನಾಗಬೇಕು ಚಿಪ್ಪಯ್ಯ? ರಿಂಗ್ ಬಂದ ಮೇಲೆ ನಡೀಬೇಕಾದ್ದು ನಿನ್ನ ಕಾಲು."

"ಅಜ್ಜಿ, ನಿಮಗೆಲ್ಲ ಇದು ಅರ್ಥವಾಗಲ್ಲ. ನೀವು ಅಡ್ಡಡ್ಡ ನಡೆಯೋರು," ಎಂದು ಮುಖ ತಿರುಗಿಸಿಕೊಂಡು ಚಿಪ್ಪಯ್ಯ ಹೊರಟುಹೋದ. ಅವತ್ತೇ ಗುಳಿ ನರಿಯ ಪಾಲಾಯಿತು.

ಅಲ್ಪನಿಗೆ ಐಶ್ವರ್ಯ ಬಂದ ಹಾಗಾಯಿತು ಚಿಪ್ಪಯ್ಯನ ಕತೆ. ಕೆರೆಯಲ್ಲಿ ಕೂತರೆ ಹೊಸ ಫೋನೂ ಹಳೆಯದರಷ್ಟೇ ನಿಧಾನ. ವೇಗ ಬೇಕಾದರೆ ಬಂಡೆ ಹತ್ತಬೇಕು. ನಾವು ನೀವು ಎರಡು ನಿಮಿಷದಲ್ಲಿ ಹತ್ತುವ ಬಂಡೆ ಅದು. ಚಿಪ್ಪಯ್ಯ ಬೆಳಗ್ಗೆ ಹೊರಟು ಸಂಜೆಗೆ ತಲುಪಿದ.

ಅಲ್ಲಿ ಕೂತು ಏನು ಮಾಡಿದ ಅಂತೀರಿ? ಯಾರಿಗಾದರೂ ಫೋನು ಮಾಡಿದನೇ? ಇಲ್ಲ. ಅವನ ಕರೆಗೆ ಕಾಯುವವರು ಲೋಕದಲ್ಲಿ ಯಾರೂ ಇರಲಿಲ್ಲ. ನೆಟ್‌ವರ್ಕು ಎಷ್ಟು ವೇಗವಾಗಿದೆ ಎಂದು ಅಳೆದ. ಮುಳ್ಳು ಸರ್ರನೆ ಮೇಲೆ ಹೋಯಿತು. ಸಂತೋಷವಾಯಿತು. ಊಟ ಮಾಡಿ ಮತ್ತೆ ಅಳೆದ. ಹೋಗುವ ಬರುವ ಮೊಲಗಳನ್ನು ಕರೆದು ತೋರಿಸಿದ. ಮೊಲಗಳು ಮುಂದೆ "ಭಾರಿ ವೇಗ ಬಿಡಪ್ಪ" ಎಂದು ಹೊಗಳಿ, ಪೊದೆಯ ಹಿಂದೆ ಹೋಗಿ ಬಿದ್ದು ಬಿದ್ದು ನಕ್ಕವು. ಹೀಗೆ ಒಂದು ತಿಂಗಳು ಅವನು ಬಂಡೆ ಬಿಟ್ಟು ಇಳಿಯಲೇ ಇಲ್ಲ.

ಒಂದು ಮಧ್ಯಾಹ್ನ ಫೋನು ಒಂದು ಸಲ ರಿಂಗ್ ಆಗಿ ನಿಂತಿತು. ಟಿಟ್ಟಿಭದ ಮಿಸ್ಡ್ ಕಾಲ್.

"ಬಂತು. ಎಷ್ಟು ಬೇಗ ಬಂತು ನೋಡು," ಎಂದು ಚಿಪ್ಪಯ್ಯ ಹಿಗ್ಗಿದ. ಕೆಳಗೆ ಕೆರೆಯಲ್ಲಿ ಹಳೆಯ ಬಟನ್ ಫೋನುಗಳೂ ಅದೇ ಹೊತ್ತಿಗೆ ರಿಂಗ್ ಆಗಿದ್ದವು. ಕಪ್ಪೆಗಳು, ಏಡಿಗಳು ಆಗಲೇ ಕೆಸರಿಗೆ ಇಳಿಯುತ್ತಿದ್ದವು.

ಹತ್ತಿರದಲ್ಲಿ ನೀರು ಎಲ್ಲಿದೆ ಎಂದು ಚಿಪ್ಪಯ್ಯ ಫೋನನ್ನು ಕೇಳಿದ. ಫೋನು ತಡಮಾಡಲಿಲ್ಲ. ಗುಡ್ಡದ ಆಚೆ ಹೊಳೆ ಇದೆ, ನಡೆದರೆ ನಲವತ್ತು ನಿಮಿಷ ಎಂದು ತೋರಿಸಿತು.

"ನಲವತ್ತೇ ನಿಮಿಷ," ಎಂದುಕೊಂಡ ಚಿಪ್ಪಯ್ಯ. ಇನ್ನೂ ಹೊತ್ತಿದೆ ಎಂದು ಇನ್ನೆರಡು ಸಲ ವೇಗ ಅಳೆದು, ಒಂದು ನಿದ್ದೆ ತೆಗೆದು, ಮಾರನೆಯ ಬೆಳಗ್ಗೆ ಹೊರಟ. ಯಾರ ಕಾಲಿಗೆ ನಲವತ್ತು ನಿಮಿಷ ಎಂದು ಅವನು ಕೇಳಲಿಲ್ಲ. ನಡೆಯುವವನು ಆಮೆ ಎಂದು ಫೋನಿಗೂ ಗೊತ್ತಿರಲಿಲ್ಲ.

ಬಿಸಿಲು ಏರಿತು. ನೆಲ ಕಾದ ಹೆಂಚಾಯಿತು. ಚಿಪ್ಪಯ್ಯನ ಅಂಗಾಲಲ್ಲಿ ಬೊಬ್ಬೆ ಎದ್ದವು. ಇಡೀ ದಿನ ನಡೆದು, ಸಂಜೆ ಒಂದು ಕುರುಚಲು ಗಿಡದ ಬುಡದಲ್ಲಿ ನಿಂತು ಫೋನು ನೋಡಿದ. ಇನ್ನು ಮೂವತ್ತೆಂಟು ನಿಮಿಷ ಎಂದು ಇತ್ತು.

ಆಗ ಅವನಿಗೆ ಭಯವಾಯಿತು. ಮೊದಲ ಸಲ ನಿಜವಾದ ಭಯ. ನರಿಗೆ ಫೋನು ಮಾಡಿದ. ಕಣ್ಣು ಮಿಟುಕಿಸುವುದರೊಳಗೆ ಕರೆ ಹೋಯಿತು.

"ನರಿಯಣ್ಣ, ನನ್ನ ಗುಳಿ ಈ ಒಂದು ಬೇಸಿಗೆಗೆ ವಾಪಸ್ ಕೊಡ್ತೀಯಾ? ಸಾಯ್ತಿದೀನಿ."

"ಇಲ್ಲ," ಎಂದಿತು ನರಿ. ಉತ್ತರವೂ ಕಣ್ಣು ಮಿಟುಕಿಸುವುದರೊಳಗೆ ಬಂತು. ಧ್ವನಿ ಬಹಳ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಚಿಪ್ಪಯ್ಯ ತೆವಳಿಕೊಂಡು ಹಿಂದಕ್ಕೆ ಬಂದು ಬಂಡೆಯ ಸಂದಿನಲ್ಲಿ ತಲೆ ಹುದುಗಿಸಿಕೊಂಡ. ಎರಡು ತಿಂಗಳು ಅಲ್ಲೇ ಬಿದ್ದಿದ್ದ. ಬೆಳಗಿನ ಇಬ್ಬನಿ ನೆಕ್ಕಿ ಜೀವ ಹಿಡಿದುಕೊಂಡ. ಚಿಪ್ಪು ಎರಡು ಕಡೆ ಸೀಳಿತು. ದಿನಾ ಬೆಳಗ್ಗೆ ಅವನು ಮಳೆ ಬರುತ್ತದೆಯೇ ಎಂದು ಫೋನನ್ನು ಕೇಳುತ್ತಿದ್ದ. ಇವತ್ತು ಮಳೆ ಇಲ್ಲ ಎಂದು ಅದು ಅತಿ ವೇಗವಾಗಿ ಹೇಳುತ್ತಿತ್ತು. ಕೊನೆಗೆ ಮಳೆ ಬಂದ ದಿನವೂ ಹಾಗೆಯೇ ಹೇಳಿತು. ಆಮೇಲೆ ನೆನೆದು ಕೆಟ್ಟುಹೋಯಿತು.

ಕೆರೆ ತುಂಬಿತು. ಎಲ್ಲರೂ ಮೈ ಮುರಿಯುತ್ತ ಕೆಸರಿನಿಂದ ಎದ್ದರು. ಗುಳಿ ನೀರಲ್ಲಿ ಮುಳುಗಿದ್ದರಿಂದ ನರಿಯೂ ಎದ್ದು ದಡಕ್ಕೆ ಬಂದಿತ್ತು. ಕಡ್ಡಿಯ ಹಾಗಾಗಿದ್ದ ಚಿಪ್ಪಯ್ಯ ಅಂತೂ ಉರುಳಿಕೊಂಡು ನೀರು ಮುಟ್ಟಿದ. ಏಡಿಯಜ್ಜಿ ಅವನನ್ನು ನೋಡಿದಳು. ಒಂದಿಷ್ಟು ಪಾಚಿ ತಂದು ಅವನ ಬಾಯಿಯ ಹತ್ತಿರ ಇಟ್ಟು ಹೋದಳು.

ಕೆಟ್ಟ ಮೇಲೆ ಬುದ್ಧಿ ಬರುತ್ತದೆ ಅನ್ನುತ್ತಾರೆ ಹಿರಿಯರು. ಹಿರಿಯರು ಚಿಪ್ಪಯ್ಯನನ್ನು ನೋಡಿರಲಿಲ್ಲ.

ನರಿ ಮತ್ತೆ ಚೀಲ ಹಿಡಿದು ಬಂತು. "ಚಿಪ್ಪಯ್ಯನೋರೆ, ಹೊಸದೊಂದು ಬಂದಿದೆ. ಇದರ ಮುಂದೆ ನಿಮ್ಮ ಹಳೇದು ಬಸವನಹುಳು."

ಚಿಪ್ಪಯ್ಯ ಪಾಚಿ ಅಗಿಯುವುದನ್ನು ನಿಲ್ಲಿಸಿದ. "ಎಷ್ಟು ವೇಗ?"

"ಕಣ್ಣು ಮಿಟುಕಿಸೋ ಮೊದಲೇ."

"ಆದರೆ ಕೊಡೋಕೆ ನನ್ನ ಹತ್ತಿರ ಏನೂ ಉಳಿದಿಲ್ಲ ನರಿಯಣ್ಣ."

ನರಿ ಅವನ ಸುತ್ತ ಒಂದು ಸುತ್ತು ಬಂತು. ಬೆನ್ನ ಮೇಲೆ ಉಗುರಿನಿಂದ ಟಕಟಕ ಬಡಿದು ನೋಡಿತು.

"ಈ ಚಿಪ್ಪು ತುಂಬ ಭಾರ ಅಲ್ವಾ ನಿಮಗೆ?" ಎಂದಿತು. "ಇದನ್ನ ಬಿಚ್ಚಿಕೊಟ್ಟರೆ ನೀವು ಎಷ್ಟು ಬೇಗ ನಡೀಬಹುದು, ಯೋಚನೆ ಮಾಡಿ."

ಚಿಪ್ಪಯ್ಯ ಯೋಚನೆ ಮಾಡತೊಡಗಿದ.

ನೀತಿ: ಫೋನು ಓಡಿದರೆ ಕಾಲು ಓಡುವುದಿಲ್ಲ. ಎಷ್ಟು ವೇಗ ಎಂದು ಕೇಳುವ ಮೊದಲು, ನನಗೆ ಇದರಿಂದ ಆಗಬೇಕಾದ ಕೆಲಸವೇನು ಎಂದು ಕೇಳಿಕೊಳ್ಳಬೇಕು.