ಹಳೆಯ ಎಳೆಗೆ ಕೆಚ್ಚಿದ ಕೈಗಣಕ

"ಗುರುಗಳೇ, ಎರಡರಲ್ಲಿ ಯಾವುದನ್ನು ಹಾಕಿಕೊಳ್ಳಲಿ?" ಎಂದು ಗುರುಪಾದ ಕೇಳಿದ.

ಅವನ ಅಂಗೈಯಲ್ಲಿ ಒಂದು ಕೈಗಣಕ, ಅಂಗೈಯಗಲದ ಕಂಪ್ಯೂಟರ್, ಇತ್ತು. ಮಠಕ್ಕೆ ಬಂದಾಗಿನಿಂದ ಗುರುಗಳಾದ ಅಡಿವೆಯ್ಯನವರು ಸಂಜೆ ಆಡಿದ ಮಾತುಗಳನ್ನೆಲ್ಲ ಅವನು ಅದರಲ್ಲಿ ಬರೆದಿಡುತ್ತಿದ್ದ. ಈಗ ಅದನ್ನು ತಯಾರಿಸಿದ ಕಂಪನಿ ಒಂದು ಹೊಸ ಕಟ್ಟಳೆ ತಂದಿತ್ತು. ಬರೆದದ್ದನ್ನೆಲ್ಲ ಕಂಪನಿಗೆ ಒಪ್ಪಿಸಬೇಕು, ಒಪ್ಪಿಸದವರ ಬರಹ ತೆರೆಯುವುದಿಲ್ಲ. ಗುರುಪಾದನಿಗೆ ಇದು ಸರಿಬರಲಿಲ್ಲ. ಕಂಪನಿಯ ಆಪರೇಟಿಂಗ್ ಸಿಸ್ಟಮ್ ತೆಗೆದುಹಾಕಿ ಬೇರೆಯದನ್ನು ಹಾಕಿಕೊಳ್ಳಬಹುದೆಂದು ತಿಳಿದವರು ಹೇಳಿದರು. ಅಂಥವು ಎರಡಿದ್ದವು. ಎರಡನ್ನೂ ಹೊಗಳುವವರಿದ್ದರು, ಎರಡನ್ನೂ ಬೈಯುವವರಿದ್ದರು. ಅವನು ಎಲ್ಲರನ್ನೂ ಕೇಳಿ ತಲೆ ಕೆಡಿಸಿಕೊಂಡಿದ್ದ.

"ಹೆಣ್ಣು ನೋಡಲು ಹೋದವರೂ ಇಷ್ಟು ಜನರನ್ನು ವಿಚಾರಿಸುವುದಿಲ್ಲ" ಎಂದರು ಅಡಿವೆಯ್ಯನವರು. "ಅದನ್ನು ಕೆಳಗಿಟ್ಟು ಕೂತುಕೋ. ಒಬ್ಬ ನೇಕಾರನ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಅವರು ಹೇಳಿದ್ದು ಇಷ್ಟು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಸೀರೆ ನೇಯುವುದು ಅವನ ಕಸುಬು. ಅವನ ತಾಯಿ ತಾನೇ ಯೋಚಿಸಿ ಸೀರೆಗೆ ಒಂದು ಅಂಚು ಕಟ್ಟಿದ್ದಳು. ಆ ಅಂಚು ಆ ಮನೆಯ ಮಗ್ಗದಲ್ಲಿ ಮಾತ್ರ ಬರುತ್ತಿತ್ತು. ಅದೇನು ಗುಟ್ಟಲ್ಲ. ಕೇಳಿಕೊಂಡು ಬಂದವರಿಗೆ ಅವಳು ಇಲ್ಲ ಎಂದವಳಲ್ಲ. ಆದರೆ ಕೂತು ಕಲಿಯುವ ತಾಳ್ಮೆ ಯಾರಿಗೂ ಇರಲಿಲ್ಲ. ಅವಳು ಅದನ್ನು ತಲೆಯಲ್ಲಿಟ್ಟುಕೊಂಡೇ ನೇಯುತ್ತಿದ್ದಳು. ಮಗನ ತಲೆ ಅಷ್ಟು ಗಟ್ಟಿಯಲ್ಲ. ಅವನು ಒಂದು ಕೈಗಣಕ ತಂದು, ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳು ಹೇಳಿದಂತೆ ಅಂಚನ್ನು ಅದರಲ್ಲಿ ಬರೆದುಕೊಂಡ. ಯಾವ ಎಳೆ ಏಳಬೇಕು, ಯಾವುದು ಇಳಿದಿರಬೇಕು ಎಂಬುದನ್ನು ಅದು ಸಾಲುಸಾಲಾಗಿ ತೋರಿಸುತ್ತಿತ್ತು. ಅವನು ನೋಡಿಕೊಂಡು ನೇಯುತ್ತಿದ್ದ. ಕೆಲವು ಕಾಲದ ಮೇಲೆ ತಾಯಿ ತೀರಿಹೋದಳು. ಅಂಚು ಉಳಿಯಿತು.

ಒಂದು ದಿನ ಕೈಗಣಕದಲ್ಲಿ ಕಂಪನಿಯ ಸುದ್ದಿ ಬಂತು. ಬರುವ ಅಮಾವಾಸ್ಯೆಯ ಮರುದಿನದಿಂದ, ನೇಕಾರರು ತಮ್ಮ ನಮೂನೆಗಳನ್ನು ತೆರೆಯಬೇಕಾದರೆ ಮೊದಲು ಕಂಪನಿಗೆ ತೋರಿಸಬೇಕು. ತೋರಿಸಿದ ನಮೂನೆಯನ್ನು ಕಂಪನಿ ತನಗೆ ಬೇಕಾದವರಿಗೆ ಕೊಡಬಹುದು. ತೋರಿಸದಿದ್ದರೆ ನಮೂನೆ ತೆರೆಯುವುದಿಲ್ಲ. ಎಲ್ಲವೂ ನಿಮ್ಮ ಅನುಕೂಲಕ್ಕಾಗಿಯೇ ಎಂದು ಕೊನೆಯಲ್ಲಿ ಬರೆದಿತ್ತು. ಆ ಕಂಪನಿಯವರನ್ನು ಕಳ್ಳರು ಎನ್ನಬೇಡ. ಕಳ್ಳನಿಗೆ ಸಿಕ್ಕಿಬೀಳುವ ಭಯವಾದರೂ ಇರುತ್ತದೆ.

ನೇಕಾರನಿಗೆ ಸಿಟ್ಟು ಬಂತು. ಓಣಿಯ ಹಿರಿಯರು ಅವನಿಗೆ ಬುದ್ಧಿ ಹೇಳಿದರು. "ತೋರಿಸಿಬಿಡಪಾ. ತೋರಿಸಿದ್ರ ನಿನ್ನ ಅಂಚು ಏನು ಸವೀತೈತಿ?"

"ನೋಡಾಕ ಬಂದವರಿಗೆ ತೋರಿಸ್ತೀನ್ರಿ" ಎಂದ ನೇಕಾರ. "ತೋರಿಸಿದ್ರಷ್ಟ ನೇಯಿ ಅನ್ನೋರಿಗೆ ತೋರಿಸೂದಿಲ್ಲ."

ಅವನು ಪೇಟೆಗೆ ಹೋದ. ಅಲ್ಲಿ ಕೈಗಣಕ ಮಾರುವ, ರಿಪೇರಿ ಮಾಡುವ ಒಬ್ಬ ಅಂಗಡಿಯವನಿದ್ದ. ಕಂಪನಿಯ ಆಪರೇಟಿಂಗ್ ಸಿಸ್ಟಮ್ ಕಿತ್ತು ಬೇರೆ ವ್ಯವಸ್ಥೆ ಹಾಕಿಕೊಡುವುದನ್ನು ಅವನು ಬಲ್ಲ. ಅವನು ಎರಡನ್ನು ತೋರಿಸಿದ. ಒಂದು ನೋಡಲು ಚೆಂದ, ಹಳೆಯದರ ಹಾಗೆಯೇ ಇದೆ. ಕಂಪನಿಯಲ್ಲಿದ್ದ ತನ್ನ ಹೆಸರು, ಗುಪ್ತಪದ ಕೊಟ್ಟರೆ ಸಾಕು, ಹಳೆಯ ನಮೂನೆಗಳೆಲ್ಲ ತಾವಾಗಿಯೇ ಬಂದು ಕೂರುತ್ತವೆ. ಒಂದು ದಿನವೂ ಮಗ್ಗ ನಿಲ್ಲುವುದಿಲ್ಲ. ಇನ್ನೊಂದು, ಯಾರೋ ಕೆಲವರು ಕೂಡಿ ಮಾಡಿ ಊರಿಗೆ ಬಿಟ್ಟದ್ದು. ಅದರ ಒಳಗಿರುವುದನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಿಕೊಳ್ಳಬಹುದು. ಆದರೆ ಮೊದಲು ಕೈಗಣಕವನ್ನು ಪೂರ್ತಿ ಬರಿದು ಮಾಡಬೇಕು. ಹಳೆಯದೇನೂ ಬರುವುದಿಲ್ಲ. ಎಲ್ಲವನ್ನೂ ಮೊದಲಿನಿಂದ ಬರೆದುಕೊಳ್ಳಬೇಕು.

ಇಲ್ಲಿ ನಿನಗೆ ನೇಕಾರರ ಒಂದು ಪದ್ಧತಿ ಗೊತ್ತಿರಬೇಕು. ಸೀರೆ ಮುಗಿದಾಗ ಅವರು ಮಗ್ಗದಿಂದ ಎಳೆಗಳನ್ನೆಲ್ಲ ಕಿತ್ತು ತೆಗೆಯುವುದಿಲ್ಲ. ಹಳೆಯ ಎಳೆಗಳ ತುದಿಯನ್ನು ಹಾಗೇ ಬಿಟ್ಟಿರುತ್ತಾರೆ. ಬೆರಳಿಗೆ ಬೂದಿ ಸವರಿಕೊಂಡು, ಒಂದೊಂದು ಹೊಸ ಎಳೆಯನ್ನೂ ಒಂದೊಂದು ಹಳೆಯ ಎಳೆಗೆ ಹೊಸೆದು ಕೂಡಿಸುತ್ತಾರೆ. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಹಳೆಯ ಎಳೆಯನ್ನು ಎಳೆದರೆ ಅದರ ಹಿಂದೆಯೇ ಹೊಸದು ಬಂದು ತನ್ನ ಜಾಗದಲ್ಲಿ ಕೂರುತ್ತದೆ. ಮಗ್ಗವನ್ನು ಪೂರ್ತಿ ಬರಿದು ಮಾಡುವವರು ಕಸುಬು ಬಿಟ್ಟವರು ಮಾತ್ರ. ಯಾರದಾದರೂ ಮಗ್ಗ ಬರಿದಾಯಿತೆಂದರೆ ಓಣಿಯವರು ಮರುಕಪಡುತ್ತಾರೆ.

ಆದ್ದರಿಂದ ಬರಿದು ಮಾಡಬೇಕು ಎಂಬ ಮಾತು ಕೇಳಿದೊಡನೆ ನೇಕಾರ ಎರಡನೆಯದನ್ನು ಪಕ್ಕಕ್ಕೆ ಸರಿಸಿದ. ಅವನು ಮೊದಲನೆಯದನ್ನು ಆರಿಸಿಕೊಂಡ. ಬುದ್ಧಿವಂತನಾದ ಯಾವ ನೇಕಾರನಾದರೂ ಅದನ್ನೇ ಆರಿಸುತ್ತಿದ್ದ. ಹೆಸರು ಕೊಟ್ಟ, ಗುಪ್ತಪದ ಕೊಟ್ಟ. ತಾಯಿಯ ಅಂಚು ಹೊಸ ಬಣ್ಣದ ತೆರೆಯ ಮೇಲೆ ಮೂಡಿತು. ಅವನು ಖುಷಿಯಿಂದ ಮನೆಗೆ ಬಂದು ಹೊಸ ಸೀರೆ ಶುರು ಮಾಡಿದ. ಕಂಪನಿಯ ಮೂಗು ಕೊಯ್ದೆ ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡ.

ಅಮಾವಾಸ್ಯೆ ಬಂತು. ಅಂದು ನೇಕಾರರು ಮಗ್ಗ ಮುಟ್ಟುವುದಿಲ್ಲ. ಮರುದಿನ ಬೆಳಿಗ್ಗೆ ಅವನು ಅರ್ಧ ನೇಯ್ದ ಸೀರೆಯ ಮುಂದೆ ಕೂತು ಕೈಗಣಕ ತೆರೆದ. ಅದರಲ್ಲಿ ಒಂದೇ ಒಂದು ಸಾಲಿತ್ತು. 'ಈ ನಮೂನೆಯನ್ನು ಮೊದಲು ಕಂಪನಿಗೆ ತೋರಿಸಿ.' ಅಕ್ಷರಗಳ ಬಣ್ಣ ಮಾತ್ರ ಬೇರೆಯಾಗಿತ್ತು.

ಅವನು ಅಂಗಡಿಯವನನ್ನು ಬೈದ. ಕಂಪನಿಯನ್ನು ಬೈದ. ಕೈಗಣಕವನ್ನು ಗೋಡೆಗೆ ಎಸೆಯಲು ಹೋದ. ಮೂಲೆಯಲ್ಲಿ ಕೂತು ನೂಲು ಸುತ್ತುತ್ತಿದ್ದ ಹೆಂಡತಿ ಎದ್ದು ಬಂದು ಅದನ್ನು ಅವನ ಕೈಯಿಂದ ಇಸಕೊಂಡಳು. ಆ ಮನೆಯಲ್ಲಿ ಕೆಚ್ಚುವ ಕೆಲಸ ಅವಳದು.

"ಅದನ್ಯಾಕ ಒಗೀತೀರಿ? ಕೆಚ್ಚಿದವರು ನೀವು" ಎಂದಳು. "ನಾ ಕೆಚ್ಚೂಮುಂದ ಹಳೇ ಎಳಿ ನನ್ನದ ಇರತೈತಿ. ನೀವು ಕೆಚ್ಚಿದ್ದು ಯಾರ ಎಳಿಗೆ?"

ನೇಕಾರನಿಗೆ ಆಗ ಹೊಳೆಯಿತು. ಹೊಸ ವ್ಯವಸ್ಥೆಯ ತಪ್ಪಲ್ಲ ಅದು. ಅವನ ನಮೂನೆಗಳು ಅವನ ಕೈಗಣಕಕ್ಕೆ ಬಂದೇ ಇರಲಿಲ್ಲ. ಅವು ಕಂಪನಿಯ ಉಗ್ರಾಣದಲ್ಲೇ, ಅವನ ಗುಪ್ತಪದದ ಬೀಗದೊಳಗೆ ಇದ್ದವು. ಅವನು ಕೊಟ್ಟ ಹೆಸರು ಹಿಡಿದುಕೊಂಡು ಹೊಸ ವ್ಯವಸ್ಥೆ ದಿನವೂ ಕಂಪನಿಯ ಬಾಗಿಲಿಗೆ ಹೋಗಿ ಅವನ್ನು ಕೇಳಿ ತರುತ್ತಿತ್ತು. ಬಾಗಿಲು ಮುಚ್ಚಿತು, ತರುವುದು ನಿಂತಿತು.

ಈಗ ಉಳಿದದ್ದು ಎರಡನೆಯದು. ಅದನ್ನು ಹಾಕಲು ಕೂತಾಗ ಕೈಗಣಕ ಕೇಳಿತು: 'ಎಲ್ಲವೂ ಅಳಿಸಿಹೋಗುತ್ತದೆ. ಅಳಿಸಲೇ?' ನೇಕಾರ ಬೆರಳನ್ನು ಹಿಂದಕ್ಕೆ ತೆಗೆದ. ಕಂಪನಿಗೆ ಒಂದು ಸಲ ಹೂಂ ಎಂದರೆ ಅಂಚು ಈಗಲೇ ತೆರೆಯುತ್ತದೆ. ಕಂಪನಿಯ ಹತ್ತಿರವಿರುವ ತನ್ನ ಹೆಸರನ್ನೂ ಅದರೊಳಗಿನ ನಮೂನೆಗಳನ್ನೂ ಸೇರಿಸಿ ಎಲ್ಲ ಅಳಿಸಿಬಿಟ್ಟರೆ ತಾಯಿಯ ಅಂಚು ಇನ್ನೆಲ್ಲೂ ಇಲ್ಲ. ಹಟ ಮಾಡಿ ತಾಯಿಯನ್ನು ಎರಡನೆಯ ಸಲ ಸಾಯಿಸುತ್ತಿದ್ದೇನೆಯೇ ಎಂದು ಅವನಿಗೆ ಅನಿಸಿತು. ಅವನಿಗೆ ಅಳು ಬಂತು, ಅತ್ತ.

ಹೆಂಡತಿ ಒಳಗೆ ಹೋಗಿ ಒಂದು ಸೀರೆ ತಂದು ಮಗ್ಗದ ಮೇಲೆ ಹಾಸಿದಳು. ಮದುವೆಗೆ ಅತ್ತೆ ನೇಯ್ದು ಕೊಟ್ಟ ಸೀರೆ ಅದು. ಅದೇ ಅಂಚು. ಅವಳು ಅದನ್ನು ಎತ್ತಿಟ್ಟವಳಲ್ಲ. ಎಲ್ಲ ಹಬ್ಬಕ್ಕೂ ಉಟ್ಟಿದ್ದಳು, ಬಾಣಂತನದಲ್ಲಿ ಉಟ್ಟಿದ್ದಳು, ಅತ್ತೆ ಸತ್ತ ದಿನವೂ ಅದನ್ನೇ ಉಟ್ಟಿದ್ದಳು.

"ನಾ ಎಳಿ ನೋಡಿ ಹೇಳ್ತೀನಿ, ನೀವು ಬರಕೊಳ್ರಿ" ಎಂದಳು. "ಅಳಿಸ್ರಿ ಅದನ್ನ."

ಅವನು ಅಳಿಸಿದ.

ಮುಂದೆ ಬಹಳ ದಿನ ಆ ಮನೆಯಲ್ಲಿ ಲಾಳಿಯ ಸದ್ದಿರಲಿಲ್ಲ. ಹೆಂಡತಿ ಅಂಚಿಗೆ ಕಣ್ಣು ಹಚ್ಚಿ ಏರು, ಇಳಿ, ಇಳಿ, ಏರು ಎನ್ನುತ್ತಿದ್ದಳು. ಗಂಡ ಬರೆದುಕೊಳ್ಳುತ್ತಿದ್ದ. ಎರಡನೆಯ ವ್ಯವಸ್ಥೆ ದೇವಲೋಕದಿಂದ ಇಳಿದದ್ದೇನಲ್ಲ. ಅಕ್ಷರ ಸಣ್ಣ, ನಡಿಗೆ ನಿಧಾನ, ನಡುನಡುವೆ ಮುನಿಸಿಕೊಂಡು ನಿಂತುಬಿಡುತ್ತಿತ್ತು. ಅವನು ಅದನ್ನೂ ಬೈದ. ಆದರೆ ನಿಂತಾಗ ಯಾಕೆ ನಿಂತಿತು ಎಂದು ತೆರೆದು ನೋಡಲು ಅವನು ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ. ನೋಡುತ್ತ ನೋಡುತ್ತ ಅಷ್ಟಿಷ್ಟು ಕಲಿತ. ಓಣಿಯವರು ಬಾಗಿಲಲ್ಲಿ ನಿಂತು, ಇವನ ಮಗ್ಗ ಮುಗೀತು ಎಂದು ಮಾತಾಡಿಕೊಂಡರು. ಅವನು ಕೇಳಿಸಿಕೊಂಡ, ಕೂತಲ್ಲಿಂದ ಏಳಲಿಲ್ಲ.

ಸೀರೆಯ ನಿರಿಗೆ ಮಡಿಸುವ ಜಾಗದಲ್ಲಿ ಅಂಚು ಉದ್ದಕ್ಕೂ ಸವೆದುಹೋಗಿತ್ತು. ಬೇರೆಡೆ ಇದ್ದ ಅಂಚು ನೋಡಿ ಅದನ್ನು ತುಂಬಿಕೊಂಡ. ಆದರೆ ಸೆರಗು ಬಂದು ಸೇರುವ ಮೂಲೆಯಲ್ಲಿ ತಾಯಿ ಇಡೀ ಸೀರೆಯಲ್ಲಿ ಒಂದೇ ಕಡೆ ಹಾಕಿದ ಒಂದು ತಿರುವಿತ್ತು. ಹೆಗಲ ಮೇಲೆ ಉಜ್ಜಿ ಉಜ್ಜಿ ಅಲ್ಲಿ ಎಳೆಯೇ ಉಳಿದಿರಲಿಲ್ಲ. ಕೇಳೋಣವೆಂದರೆ ತಾಯಿಯಿಲ್ಲ. ಅವನು ಎರಡು ದಿನ ಆ ಮೂಲೆಯನ್ನು ಖಾಲಿ ಬಿಟ್ಟ. ಆಮೇಲೆ ಅಲ್ಲಿ ತನ್ನದೇ ಒಂದು ತಿರುವು ಹಾಕಿದ. ಹೆಂಡತಿ ನೋಡಿ, ಇರಲಿ ಎಂದಳು.

ಅರ್ಧಕ್ಕೆ ನಿಂತಿದ್ದ ಸೀರೆ ಮುಗಿಯಿತು. ಆ ಹೊತ್ತಿಗೆ ಕಂಪನಿಯ ಮನುಷ್ಯನೊಬ್ಬ ಹೊಸ ಕೈಗಣಕಗಳನ್ನು ಮಾರಲು ಓಣಿಗೆ ಬಂದ. ನೇಕಾರನ ಮಗ್ಗದ ಪಕ್ಕದಲ್ಲಿ ತಮ್ಮದೇ ಹಳೆಯ ಕೈಗಣಕ ಇನ್ನೇನೋ ತೋರಿಸುತ್ತಿರುವುದನ್ನು ಕಂಡ.

"ಇದನ್ನು ಹಾಕಿಕೊಳ್ಳಲು ಯಾರನ್ನು ಕೇಳಿದಿರಿ?" ಎಂದ.

"ಯಾರನ್ನೂ ಕೇಳಿಲ್ಲರಿ" ಎಂದ ನೇಕಾರ. "ನಿಮ್ಮನ್ನ ಕೇಳೂದು ಬಿಡಬೇಕಂತನ ಇದನ್ನ ಹಾಕೀನಿ."

ಅಷ್ಟು ಹೇಳಿ ಅವನು ಎದ್ದು, ಹೊಸ ಸೀರೆಯನ್ನು ಬಂದವನ ಮುಂದೆ ಪೂರ್ತಿ ಬಿಚ್ಚಿ ಹಾಸಿದ. "ಅಂಚು ಇಲ್ಲೇ ಐತಿ. ನೋಡಾಕ ಬಂದಿದ್ರ ನೋಡ್ರಿ, ಕುಂತು ಕಲೀತೀರಂದ್ರ ಕಲಿಸ್ತೀನಿ." ಬಂದವನಿಗೆ ಕೂರುವಷ್ಟು ಪುರುಸೊತ್ತಿರಲಿಲ್ಲ. ಅವನು ಮುಂದಿನ ಮನೆಗೆ ಹೋದ. ನೇಕಾರ ಸೀರೆ ಮಡಿಸಿಟ್ಟು ಮಗ್ಗದ ಮುಂದೆ ಕೂತ.

ಅಡಿವೆಯ್ಯನವರು ಕತೆ ನಿಲ್ಲಿಸಿದರು. ಗುರುಪಾದ "ಹಾಗಾದರೆ ಎರಡನೆಯದನ್ನೇ ಹಾಕಿಕೊಳ್ಳಲೇ?" ಎಂದು ಕೇಳಿದ.

"ಅದು ನಾಳೆ ನಿನಗೆ ಅಪ್ಪಣೆ ಕೊಡತೊಡಗಿದರೆ ಅದನ್ನೂ ಕಿತ್ತು ಹಾಕು" ಎಂದರು ಗುರುಗಳು.

ಗುರುಪಾದ ಕೆಳಗಿಟ್ಟಿದ್ದ ಕೈಗಣಕವನ್ನು ಎತ್ತಿಕೊಂಡ. ಎರಡೂ ಕೈಯಲ್ಲಿ ಹಿಡಿದುಕೊಂಡ. ಇಷ್ಟು ದಿನ ಊರೆಲ್ಲ ವಿಚಾರಿಸುತ್ತ ತಿರುಗಿದ್ದರ ನಿಜವಾದ ಕಾರಣ ಈಗ ಅವನ ಬಾಯಿಗೆ ಬಂತು.

"ಗುರುಗಳೇ, ತಾವು ಈವರೆಗೆ ನನಗೆ ಹೇಳಿದ್ದೆಲ್ಲ ಇದರಲ್ಲಿದೆ. ಬೇರೆ ಪ್ರತಿ ನನ್ನ ಹತ್ತಿರ ಇಲ್ಲ. ಕಂಪನಿಗೆ ಒಪ್ಪಿಸಲು ಮನಸ್ಸಿಲ್ಲ. ಅಳಿಸಿದರೆ ಎಲ್ಲ ಹೋಗುತ್ತದೆ. ನನಗೆ ನೋಡಿ ಬರೆದುಕೊಳ್ಳಲು ಅಂಥ ಸೀರೆಯೂ ಇಲ್ಲ."

"ಅಳಿಸು. ಆ ಮಾತುಗಳನ್ನು ದಿನವೂ ಉಟ್ಟಿದ್ದರೆ ಉಳಿಯುತ್ತವೆ" ಎಂದರು ಅಡಿವೆಯ್ಯನವರು.

ಗುರುಪಾದ ಅಳಿಸಿದ.