ನೀರು ಮುಟ್ಟದ ಕೂಸಿನ ಬುಗ್ಗೆ

ಇಂಗ್ಲೆಂಡ್ ದೇಶದ ಹಳ್ಳಿಗಳಲ್ಲಿ ಮರದ ಚರ್ಚುಗಳನ್ನು ಕೆಡವಿ ಕಲ್ಲಿನವನ್ನು ಎಬ್ಬಿಸುತ್ತಿದ್ದ ಪ್ರಾಚೀನ ಕಾಲದಲ್ಲಿ, ಯೂಥಾರ್ಪ್ ಎಂಬ ಗ್ರಾಮದಲ್ಲಿ ಹವೀಸಾ ಎಂಬ ಕುರಿಗಾಹಿ ವಿಧವೆಯಿದ್ದಳು. ಅವಳ ಗಂಡುಕೂಸು ಹುಟ್ಟಿದ ಗಳಿಗೆಯಲ್ಲೇ, ಕೂಸನ್ನು ಕ್ರೈಸ್ತಧರ್ಮಕ್ಕೆ ಸೇರಿಸುವ ಜ್ಞಾನಸ್ನಾನದ ಒಂದು ಹನಿಯೂ ಹಣೆಗೆ ಬೀಳುವ ಮೊದಲೇ, ತೀರಿಕೊಂಡಿತು. ಊರ ಒಡೆಯ ಗಿಲ್ಬರ್ಟನು ಆಗ ತನ್ನ ಮನೆಯ ಮಗ್ಗುಲಿನ ಗುಡ್ಡದ ಮೇಲೆ ಹೊಸ ಚರ್ಚಿಗೆ ಅಸ್ತಿಭಾರ ತೋಡಿಸಿ ಕಲ್ಲು ತರಿಸುತ್ತಿದ್ದನು. ಅದರ ಅಂಗಳದಲ್ಲಿ ಕೂಸಿಗೆ ಮೊಳದಷ್ಟು ಜಾಗ ಕೇಳಿದ ಹವೀಸಾಳಿಗೆ ಪಾದ್ರಿ ಆಸ್ಬರ್ಟನು, “ನೀರು ಮುಟ್ಟದ ಕೂಸಿಗೆ ಪವಿತ್ರ ನೆಲವಿಲ್ಲಮ್ಮ. ಹೊಲದಂಚಿನಲ್ಲಿ ಹೂಳು” ಎಂದನು.

ಅವಳು ತಗ್ಗಿನ ಹುಲ್ಲುಗಾವಲಿನ ಮುದಿಮರದಡಿ ಕೂಸನ್ನು ಹೂತಳು. ಮರುದಿನ ಗುಡ್ಡ ಹತ್ತಿ, ಚರ್ಚಿನ ಕಲ್ಲೊಂದನ್ನು ಮಡಿಲಿಗೆ ಹಾಕಿಕೊಂಡು ಇಳಿಯತೊಡಗಿದಳು.

“ಏನ್ ಹವೀಸಾ, ಕುರಿಗಳಿಗೆ ಅರಮನೆ ಕಟ್ತೀಯೋ?” ಎಂದು ಕಲ್ಲುಕುಟಿಗರು ನಕ್ಕರು.

“ಕೂಸನ್ನ ಚರ್ಚಿಗೆ ಸೇರಿಸಲಿಲ್ಲವಲ್ಲ, ಚರ್ಚನ್ನೇ ಕೂಸಿನ ಹತ್ರ ಒಯ್ತಿದೀನಿ. ದಾರಿ ಬಿಡಿ.”

ಹೀಗೆ ದಿನದಿನವೂ ಅವಳು ಹೊತ್ತು ಸಮಾಧಿಯ ಬಳಿ ಪೇರಿಸಿದ ಕಲ್ಲುಗಳನ್ನು ಒಡೆಯನು ಗಾಡಿಯಲ್ಲಿ ಹಿಂದಕ್ಕೆ ತರಿಸಿದನು. ಅವಳು ಎಲ್ಲರ ಕಣ್ಣೆದುರೇ ಮತ್ತೆ ಹೊತ್ತಳು. ಒಡೆಯನು ಅವಳನ್ನು ಕಳ್ಳಿ ಎಂದು ಕರೆದು ಅವಳ ಗುಡಿಸಲನ್ನು ಕೀಳಿಸಿದನು.

“ಕಳ್ಳಿಯಾಗಿದ್ದರೆ ಕತ್ತಲಲ್ಲಿ ಬರ್ತಿದ್ದೆ, ಒಡೆಯಾ. ಕಲ್ಲು ಹೊರೋದಕ್ಕೆ ಗುಡಿಸಲು ಬೇಕಿಲ್ಲ” ಎಂದು ಅವಳು ಸಮಾಧಿಯ ಪಕ್ಕದಲ್ಲೇ ವಾಸಮಾಡಿದಳು.

ವಸಂತದಲ್ಲಿ ಬಿಷಪ್ಪರು ಗುಡ್ಡದ ನೆಲವನ್ನು ಪವಿತ್ರಗೊಳಿಸಲು ಬಂದು, ಅಲ್ಲಿ ತಂದಿಟ್ಟಿದ್ದ ಜ್ಞಾನಸ್ನಾನದ ಕಲ್ಲುತೊಟ್ಟಿಗೆ ನೀರು ಸುರಿದರು. ತೊಟ್ಟಿ ಬಿರಿದು ನೀರೆಲ್ಲ ಇಂಗಿಹೋಯಿತು. ಅದೇ ಕ್ಷಣ ಹವೀಸಾಳ ಕಲ್ಲುಗಳ ನಡುವಿನಿಂದ ತಿಳಿನೀರು ಉಕ್ಕಿತು. ಊರೇ ಕೆಳಗೆ ಓಡಿಬಂದಾಗ ಆ ನೀರಿನೊಳಗಿಂದ ದೈವವಾಣಿಯಾಯಿತು: “ಯಾರಿಗೆ ನೀವು ಹನಿ ನೀರು ಕೊಡಲಿಲ್ಲವೋ, ಅವನ ನೀರಿನಲ್ಲಿ ನಿಮ್ಮ ಮಕ್ಕಳೆಲ್ಲ ನನ್ನವರಾಗುವರು. ನನ್ನ ಮನೆ ಅವನ ಪಕ್ಕದಲ್ಲಿ.”

ಬಿಷಪ್ಪರು ಮಂಡಿಯೂರಿ, “ತಾಯಿ, ಮೊದಲ ಕಲ್ಲು ಎಲ್ಲಿಡೋಣ?” ಎಂದರು.

“ಇಟ್ಟಾಗಿದೆ” ಎಂದಳು ಹವೀಸಾ.

ಹೋಗಿ ನೋಡಿ: ಚರ್ಚು ತಗ್ಗಿನಲ್ಲೇ ಇದೆ. ಉತ್ತರದ ಗೋಡೆಯಲ್ಲಿ ಸೊಂಟದೆತ್ತರದವರೆಗೆ ಇರುವುದೆಲ್ಲ ಒಬ್ಬ ಹೆಂಗಸಿನ ಮಡಿಲಿಗೆ ಹಿಡಿಯುವಂಥ ಕಲ್ಲುಗಳು. ತೊಟ್ಟಿಗೆ ಆ ಬುಗ್ಗೆಯದೇ ನೀರು. ಒಡೆಯನ ಅಸ್ತಿಭಾರದ ಗುಂಡಿಯಲ್ಲಿ ಕುರಿಗಳು ಮಲಗುತ್ತವೆ. ಸತ್ತ ಕೂಸನ್ನೆತ್ತಿಕೊಂಡು ಆ ಅಂಗಳಕ್ಕೆ ಬಂದ ತಾಯಿಯನ್ನು, ಇದಕ್ಕೆ ನೀರು ಮುಟ್ಟಿದೆಯೇ ಎಂದು ಕೇಳುವ ಧೈರ್ಯ ಅಂದಿನಿಂದ ಯಾವ ಪಾದ್ರಿಗೂ ಬಂದಿಲ್ಲ.